ಇಂದ್ರಾಣಿ ಟೀಚರ್ ಪಾಸ್‌ವರ್ಡ್

ಹೆಮ್ಮರಗಾಲದ ಮುದ್ದಮ್ಮನ ಮಗಳು ಇಂದ್ರಾಣಿ ತಮ್ಮ ಬೀದಿಯಲ್ಲಿ ಡಿಗ್ರಿ ಮಾಡಿದ ಮೊದಲ ಹೆಣ್ಣುಮಗಳು. ಬಿ.ಎಡ್. ಮುಗಿಸಿ ನಂಜನಗೂಡಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಅದೇ ಬೀದಿಯ ಪ್ರೇಮ್‌ಕುಮಾರ್ ಅಲ್ಲೇ ಕಂಪ್ಯೂಟರ್ ಮೇಷ್ಟ್ರು. ಚಿಕ್ಕಂದಿನಿಂದಲೂ ಅವಳು ಅವನನ್ನು ಅಣ್ಣ ಎಂದೇ ಕರೆದವಳು. ಸ್ಟಾಫ್ ರೂಮಿನಲ್ಲಿ ಯಾರಾದರೂ ಹಗುರವಾಗಿ ಮಾತಾಡಿದರೆ ಅವನಿದ್ದಾನೆ ಎಂಬ ಧೈರ್ಯ ಅವಳಿಗೆ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ತಿ. ನರಸೀಪುರದ ಹೊಸ ವಸತಿ ಶಾಲೆಯೊಂದು ವಿಜ್ಞಾನಕ್ಕೂ ಕಂಪ್ಯೂಟರಿಗೂ ಟೀಚರ್ ಬೇಕೆಂದು ಪೇಪರಿನಲ್ಲಿ ಹಾಕಿಸಿತು. ಇಬ್ಬರೂ ಅರ್ಜಿ ಹಾಕುವುದೆಂದು ಮಾತಾಡಿಕೊಂಡರು. ಅರ್ಜಿಯನ್ನು ಇ-ಮೇಲಿನಲ್ಲೇ ಕಳಿಸಬೇಕಿತ್ತು. ಇಂದ್ರಾಣಿಗೆ ಮೇಲ್ ಐಡಿ ಇರಲಿಲ್ಲ.

“ಅದ್ಕ್ಯಾಕೆ ಯೋಚ್ನೆ ಮಾಡ್ತಿಯವ್ವ? ಬಾ,” ಎಂದು ಪ್ರೇಮ್‌ಕುಮಾರ್ ಲ್ಯಾಬಿನಲ್ಲಿ ಕೂತು ಐಡಿ ಮಾಡಿಕೊಟ್ಟ. ಪಾಸ್‌ವರ್ಡ್ ಕೇಳಿದ ಜಾಗದಲ್ಲಿ ಊರಿನ ಹೆಸರು ಒತ್ತಿ, ಮುಂದೆ ಒಂದು ಎರಡು ಮೂರು ಒತ್ತಿದ. “ನಮ್ಮೂರೋರ್ಗೆಲ್ಲ ನಾನ್ ಆಕ್ಕೊಡೋದು ಇದ್ನೇ. ನೀನ್ ಮರ್ತ್ರೂ ನಾನ್ ಮರೆಯಲ್ಲ.”

ಅವಳಿಗೆ ಅದೊಂದು ತಲೆನೋವು ತಪ್ಪಿದಂತಾಯಿತು. ಆಮೇಲೆ ಮೇಲ್ ನೋಡುವ ಕೆಲಸವನ್ನೂ ಅವನಿಗೇ ಬಿಟ್ಟಳು.

“ಏನಾದ್ರೂ ಬಂತಾ ಅಣ್ಣ?”

“ಇಲ್ಲ ಕಣವ್ವ. ನಂಗೂ ಬಂದಿಲ್ಲ.”

ಶಾಲೆಗಳು ಶುರುವಾಗಿ ಮಳೆಯೂ ಹಿಡಿಯಿತು. ಒಂದು ಶನಿವಾರ ಮಧ್ಯಾಹ್ನ ಇಂದ್ರಾಣಿ ತಾನೇ ವಿಚಾರಿಸೋಣವೆಂದು ಬಸ್ ಹತ್ತಿ ನರಸೀಪುರಕ್ಕೆ ಹೋದಳು. ಅಲ್ಲಿಯ ಆಫೀಸಿನ ಸುಂದರಮ್ಮ ಅವಳ ಹೆಸರು ಕೇಳಿದ್ದೇ ಮುಖ ಗಂಟು ಹಾಕಿಕೊಂಡು, ಮಾನಿಟರನ್ನು ಅವಳ ಕಡೆ ತಿರುಗಿಸಿದರು.

“ಇಂಟರ್‌ವ್ಯೂಗೆ ಕರೆದಿದ್ವಲ್ಲಮ್ಮ. ನೀವು ಏನು ಬರೆದಿದ್ದೀರಿ, ನೀವೇ ಓದ್ಕೊಳಿ.”

ಅಂಥ ಕೊಂಪೆಯಲ್ಲಿ ಪಾಠ ಮಾಡುವ ಗತಿ ನನಗಿನ್ನೂ ಬಂದಿಲ್ಲ, ಮತ್ತೆ ತೊಂದರೆ ಕೊಡಬೇಡಿ ಎಂದಿತ್ತು. ಕೆಳಗೆ ಅವಳ ಹೆಸರು.

“ಇದು ನಾನು ಬರೆದದ್ದಲ್ಲ ಮೇಡಂ.”

“ಐಡಿ ನಿಮ್ದೇ ತಾನೆ?”

“ಹೌದು.”

“ಮತ್ತೆ?” ಎಂದು ಸುಂದರಮ್ಮ ಮಾನಿಟರನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಆ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು.

ಸೋಮವಾರ ಲ್ಯಾಬಿನಲ್ಲಿ ಪ್ರೇಮ್‌ಕುಮಾರ್ ಒಬ್ಬನೇ ಇದ್ದ. ಅವಳು ಕೇಳಿದಾಗ ಅವನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

“ಊಂ, ನಾನೇ ಬರ್ದೆ. ಏನೀಗ? ನನ್ನ ಕರೀನಿಲ್ಲ, ನಿನ್ನ ಕರೆದ್ರು. ಬೀದೀಲಿ ಆಗ್ಲೇ ಬರೀ ನಿನ್ನ ಎಸ್ರೇ. ಅಲ್ಲಿಗೂ ಓಗಿ ಮೆರೀಬೇಕಿತ್ತಾ?”

ಹೆಡ್‌ಮಾಸ್ಟರ್ ಚಕ್ರಪಾಣಿಯವರ ಮುಂದೆ ಮಾತ್ರ ಅವನು ಕೈಕಟ್ಟಿಕೊಂಡು ನಿಂತ. “ಬೇರೆ ಕಡೆ ಕೆಲ್ಸ ಹುಡುಕಿದ್ಲು ಸಾ. ಸಿಕ್ಕಿಲ್ಲ ಅಂತ ನನ್ನ ಮೇಲೆ ಹಾಕ್ತಾವ್ಳೆ.”

ಚಕ್ರಪಾಣಿ ನಕ್ಕರು. “ಬೀಗದ ಕೈ ನೀವೇ ಕೊಟ್ಟು ಈಗ ಕಳ್ಳ ಅಂದ್ರೆ ಹೇಗಮ್ಮ? ಅದಿರಲಿ, ನಮಗೊಂದು ಮಾತು ಹೇಳದೆ ಅರ್ಜಿ ಹಾಕಿದ್ರಿ. ನಾಳೆಯಿಂದ ಬರಬೇಡಿ.”

ಬೀದಿಯವರೂ ಇಂದ್ರಾಣಿಯದೇ ತಪ್ಪು ಎಂದರು. ನಮ್ಮ ಹುಡುಗನನ್ನು ಪರರ ಮುಂದೆ ಬಿಟ್ಟುಕೊಟ್ಟಳು ಎಂದು ಮುದ್ದಮ್ಮನ ಜೊತೆಗೂ ಮಾತು ಬಿಟ್ಟರು. ಮುದ್ದಮ್ಮ ಮಗಳನ್ನು ಕೇಳದೆ ಪ್ರೇಮ್‌ಕುಮಾರನ ಮನೆಗೆ ಹೋಗಿ, ತಪ್ಪಾಯ್ತು ಎಂದು ಕೈಮುಗಿದು ಬಂದಳು. ಇಂದ್ರಾಣಿಗೆ ಕೆಲಸ ಹೋದದ್ದಕ್ಕಿಂತ ಅದು ಹೆಚ್ಚು ಉರಿಯಿತು.

ಅವಳು ನಂಜನಗೂಡಿನ ಬಜಾರ್ ಬೀದಿಯ ಕಂಪ್ಯೂಟರ್ ಸೆಂಟರಿಗೆ ಸೇರಿದಳು. ಹಸಿದವರು ಉಂಡಂತೆ ಕಲಿತಳು. ವರ್ಷ ತುಂಬುವುದರೊಳಗೆ ಸೆಂಟರಿನವರು ಅವಳನ್ನೇ ಟೀಚರ್ ಮಾಡಿಕೊಂಡರು. ಲಾಟರಿ ಬಂದಿದೆ ಎನ್ನುವ ಮೇಲ್ ತೆರೆಯಬೇಡಿ, ಸೈಬರ್ ಸೆಂಟರಿನಲ್ಲಿ ಕೂತರೆ ಏಳುವ ಮುಂಚೆ ಸೈನ್‌ಔಟ್ ಮಾಡಿ, ನೀವು ಒತ್ತಿದ ಕೀಗಳನ್ನೆಲ್ಲ ಕದ್ದು ಬರೆದಿಟ್ಟುಕೊಳ್ಳುವ ಪ್ರೋಗ್ರಾಮ್‌ಗಳಿವೆ, ಒಡಹುಟ್ಟಿದವರಿಗೂ ಪಾಸ್‌ವರ್ಡ್ ಹೇಳಬೇಡಿ ಎಂದು ಪ್ರತಿ ಬ್ಯಾಚಿಗೂ ಹೇಳುತ್ತಿದ್ದಳು. ಆ ಕೊನೆಯ ಮಾತು ಹೇಳುವಾಗ ಅವಳ ದನಿಗೆ ಹಿಂದಿನ ಬೆಂಚಿನವರೂ ಸುಮ್ಮನಾಗುತ್ತಿದ್ದರು.

ಅಷ್ಟರಲ್ಲಿ ಪ್ರೇಮ್‌ಕುಮಾರನಿಗೆ ತಾಂಡವಪುರದ ಕವನ ಎಂಬ ಹುಡುಗಿಯ ಜೊತೆ ಮದುವೆ ಗೊತ್ತಾಯಿತು. ಪೋಲಿಯೋದಿಂದ ಒಂದು ಕಾಲು ಸಣ್ಣಗಾಗಿದ್ದ, ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸದಲ್ಲಿದ್ದ ಹುಡುಗಿ. ನಾವಿಬ್ಬರೂ ಇ-ಮೇಲಿನಲ್ಲೇ ಮಾತಾಡೋದು ಎಂದು ಅವನು ಬೀದಿಯಲ್ಲಿ ಹೇಳಿಕೊಂಡು ತಿರುಗಿದ. ಅದು ಇಂದ್ರಾಣಿಯ ಕಿವಿಗೂ ಬಿತ್ತು.

ಒಂದು ಸಂಜೆ ಹುಡುಗರೆಲ್ಲ ಹೋದ ಮೇಲೆ ಅವಳು ಅವನ ಐಡಿ ಹಾಕಿ, ಊರಿನ ಹೆಸರು ಒತ್ತಿ, ಒಂದು ಎರಡು ಮೂರು ಒತ್ತಿದಳು. ತೆರೆದುಕೊಂಡಿತು. ಊರವರಿಗೆಲ್ಲ ಹಾಕಿಕೊಟ್ಟ ಪಾಸ್‌ವರ್ಡನ್ನೇ ಮೇಷ್ಟ್ರು ತನಗೂ ಇಟ್ಟುಕೊಂಡಿದ್ದ.

ಕವನಳ ಮೇಲ್‌ಗಳನ್ನು ಅವಳು ಒಂದೊಂದಾಗಿ ಓದಿದಳು. ಛತ್ರದಲ್ಲಿ ಎಲ್ಲರ ಮುಂದೆ ನಡೆಯಬೇಕಲ್ಲ, ಭಯವಾಗುತ್ತೆ ಎಂದು ಆ ಹುಡುಗಿ ಬರೆದಿದ್ದಳು. ನಾನು ಕೈ ಹಿಡಿದುಕೊಂಡಿರುತ್ತೇನೆ ಎಂದು ಅವನು ಉತ್ತರಿಸಿದ್ದ. ಇಂದ್ರಾಣಿ ಅವನ ಹೆಸರಿನಲ್ಲಿ ಬರೆದಳು: ನಿನ್ನ ಕಾಲು ನೋಡಿದಾಗಲೆಲ್ಲ ನನಗೆ ಅಸಹ್ಯವಾಗುತ್ತೆ. ಮನೆಯವರ ಬಲವಂತಕ್ಕೆ ಒಪ್ಪಿದೆ. ನೀನೇ ಬೇಡ ಎಂದುಬಿಡು. ಕಳಿಸಿ, ಕಳಿಸಿದ ಗುರುತನ್ನೂ ಅಳಿಸಿದಳು.

ಕವನಳ ಮನೆಯವರು ಬಂದು ತಟ್ಟೆ ಬದಲಾಯಿಸಿಕೊಂಡ ಮಾತನ್ನು ಮುರಿದು ಹೋದರು. “ನಾನ್ ಬರೆದಿಲ್ಲ ಕಣ್ರೀ!” ಎಂದು ಪ್ರೇಮ್‌ಕುಮಾರ್ ಬೀದಿಯ ನಡುವೆ ಕೂಗಿದ. ಯಾರೂ ನಂಬಲಿಲ್ಲ. ಪಾಸ್‌ವರ್ಡ್ ಅರ್ಧ ಊರಿಗೆ ಗೊತ್ತು, ಅವನಾದರೂ ಯಾರನ್ನೆಂದು ಹಿಡಿದಾನು? ಇಂದ್ರಾಣಿ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ ಹೊಟ್ಟೆ ತುಂಬ ಉಂಡಳು. ಮರುವರ್ಷವೇ ಅವನು ಮೂಗೂರಿನ ಹುಡುಗಿಯನ್ನು ಮದುವೆಯಾದ.

ಕವನಳಿಗೆ ಮಾತ್ರ ಮತ್ತೆ ಯಾವ ಸಂಬಂಧವೂ ಕೂಡಿಬರಲಿಲ್ಲ. ಆ ಇ-ಮೇಲನ್ನು ಅವಳ ಆಫೀಸಿನಲ್ಲೂ ಯಾರೋ ಓದಿದ್ದರು. ಕೆಲಸ ಬಿಟ್ಟು, ಬೇರೆ ಏನಾದರೂ ಕಲಿಯೋಣವೆಂದು ಅವಳು ಬಂದು ಸೇರಿದ್ದು ಇಂದ್ರಾಣಿಯ ಸೆಂಟರಿಗೇ. ಹೆಸರು, ಊರು, ನಡಿಗೆ ನೋಡಿ ಇಂದ್ರಾಣಿಗೆ ಗೊತ್ತಾಯಿತು. ಕವನಳಿಗೆ ಏನೂ ಗೊತ್ತಿರಲಿಲ್ಲ.

ಮೊದಲ ವಾರವೇ ಕ್ಲಾಸ್ ಮುಗಿದ ಮೇಲೆ ಅವಳು ಹಿಂದೆ ಉಳಿದಳು.

“ಮೇಡಂ, ಒಬ್ಬರ ಐಡಿಯಿಂದ ಇನ್ನೊಬ್ರು ಮೇಲ್ ಕಳ್ಸೋಕಾಗುತ್ತಾ? ಅವ್ರು ಆಣೆ ಮಾಡಿ ಹೇಳಿದ್ರು, ನಾನ್ ಬರೆದಿಲ್ಲ ಅಂತ.”

ಇಂದ್ರಾಣಿ ಮೌಸಿನ ವೈರನ್ನು ಸುತ್ತಿಟ್ಟಳು.

“ಇಲ್ಲಮ್ಮ. ಆಗಲ್ಲ.”

“ಹಂಗಾದ್ರೆ ಅವ್ರೇ ಬರೆದಿದ್ದು,” ಎಂದಳು ಕವನ. ಅದುವರೆಗೂ ಅವಳಿಗೆ ಒಂದಿಷ್ಟು ಅನುಮಾನ ಉಳಿದಿತ್ತೆಂದು ಇಂದ್ರಾಣಿಗೆ ಗೊತ್ತಾದದ್ದು ಆಗಲೇ. ಕವನ ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲು ಇಳಿದು ಹೋದಳು.

ಆ ಬ್ಯಾಚಿಗೆ ಇಂದ್ರಾಣಿ ಪಾಸ್‌ವರ್ಡಿನ ಪಾಠ ಮಾಡಲೇ ಇಲ್ಲ.