ನೆಟ್ಟ ಹಾರೆ, ಒರಗಿದ ಹಾರೆ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಶುರು ಮಾಡಿದರೆ ನಕ್ಕು ಎದ್ದುಹೋಗುತ್ತಿದ್ದವನು ನಾನು. ಹಾಸನದಲ್ಲಿ ಕ್ರಿಮಿನಲ್ ವಕೀಲಿ ಮಾಡುವವನಿಗೆ ಬದುಕಿರುವವರ ಸುಳ್ಳುಗಳೇ ಸಾಕುಸಾಕಾಗಿರುತ್ತವೆ, ಸತ್ತವರ ತಂಟೆ ಯಾಕೆ? ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಜಯಮ್ಮನ ಕೇಸು ನನಗೆ ಬಂತು. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವಳು. ಗಂಡನನ್ನು ಕಾಯಿ ಸುಲಿಯುವ ಹಾರೆಯಿಂದ ಹೊಡೆದು ಕೊಂದಿದ್ದಳು. ಕೊಂದದ್ದು ತಾನೇ ಎಂದು ಒಪ್ಪಿಯೂ ಇದ್ದಳು. ಅವನು ವರ್ಷಗಟ್ಟಲೆ ಬಡಿದಿದ್ದ. ಆ ಮಧ್ಯಾಹ್ನ ಕುಡಿದು ಬಂದು ಆರು ವರ್ಷದ ಮಗಳ ಅಂಗೈಯನ್ನು ಕಾದ ಹೆಂಚಿಗೆ ಒತ್ತಿದ್ದ. ಕೇಳಿ ನನಗೇ ರಕ್ತ ಕುದಿಯಿತು.

ಆದರೆ ಕಾನೂನು ಕೇಳುವುದೇ ಬೇರೆ. ನಮ್ಮ ಕಡೆ ಕಾಯಿ ಸುಲಿಯುವಾಗ ಹಾರೆಯನ್ನು ನೆಲದಲ್ಲಿ ಆಳವಾಗಿ ನೆಡುತ್ತಾರೆ. ಕೆಲಸ ಮುಗಿದ ಮೇಲೆ, ಮಕ್ಕಳೋ ದನವೋ ಅದರ ಮೇಲೆ ಬಿದ್ದಾವೆಂದು, ಕಿತ್ತು ಗೋಡೆಗೆ ಒರಗಿಸುತ್ತಾರೆ. ಸುಲಿಯುವುದು ಹಿಂದಿನ ದಿನವೇ ಮುಗಿದು ಹಾರೆ ಬಾಗಿಲ ಪಕ್ಕ ಒರಗಿತ್ತು, ಕೈಗೆ ಸಿಕ್ಕಿತು ಎಂದಳು ಜಯಮ್ಮ. ಹಾಗಿದ್ದರೆ ಅದು ಸಿಟ್ಟಿನ ಭರದಲ್ಲಿ ಆದದ್ದು, ಕೊಲೆಯಲ್ಲದ ನರಹತ್ಯೆ. ಕೆಲವು ವರ್ಷಗಳ ಶಿಕ್ಷೆ. ಸುಲಿಯುವುದು ಮುಗಿದಿರಲಿಲ್ಲ, ಹಾರೆ ಹಿತ್ತಲಲ್ಲಿ ನೆಟ್ಟೇ ಇತ್ತು ಎಂದಳು ಅವಳ ಅತ್ತೆ. ಹಾಗಿದ್ದರೆ ಇಪ್ಪತ್ತು ಹೆಜ್ಜೆ ನಡೆದು, ಅಲ್ಲಾಡಿಸಿ ಕಿತ್ತು, ಮತ್ತೆ ಇಪ್ಪತ್ತು ಹೆಜ್ಜೆ ಬರಬೇಕು. ಅಷ್ಟು ಹೊತ್ತಿನಲ್ಲಿ ಯೋಚಿಸಲು ಸಮಯವಿತ್ತಲ್ಲ ಎನ್ನುತ್ತದೆ ಕೋರ್ಟು. ಜೀವಾವಧಿ. ಮಗಳು ದೊಡ್ಡವಳಾಗುವುದನ್ನು ತಾಯಿ ಕಾಣುವ ಹಾಗಿಲ್ಲ.

ವಾದಕ್ಕೆ ಮುಂಚೆ ಜಾಗ ನೋಡಲು ಹೋದೆ. ಸುಡುಬಿಸಿಲು, ಮಧ್ಯಾಹ್ನ ಮೂರು ಗಂಟೆ. ಅತ್ತೆ ಅರಕಲಗೂಡಿನ ಮಗಳ ಮನೆ ಸೇರಿ, ಮನೆಗೆ ಬೀಗ ಬಿದ್ದು ಎಂಟು ತಿಂಗಳಾಗಿತ್ತು. ಊರ ಯಜಮಾನರಿಂದ ಬೀಗದಕೈ ತಂದುಕೊಟ್ಟ ಜಯಮ್ಮನ ತಮ್ಮ ಮಂಜ ಒಳಗೆ ಬರಲೊಲ್ಲದೆ ಬೀದಿಯಲ್ಲೇ ನಿಂತ. ಹಿತ್ತಲಿಗೆ ಮನೆಯೊಳಗಿಂದಲೇ ದಾರಿ, ಸುತ್ತ ಆಳೆತ್ತರದ ಗೋಡೆ.

ನಡುಮನೆ ದಾಟುವಾಗ ಹಿತ್ತಲಲ್ಲಿ ಕಾಯಿ ಸುಲಿಯುವ ಸದ್ದು ಕೇಳಿಸಿತು. ತೆಂಗಿನ ಸೀಮೆಯಲ್ಲಿ ಹುಟ್ಟಿದವನು ಆ ಸದ್ದನ್ನು ಬೇರೆ ಯಾವುದೋ ಎಂದುಕೊಳ್ಳಲಾರ. ಮೊದಲು ಕುಕ್ಕಿದ್ದು, ಆಮೇಲೆ ನಾರು ಕರಕರನೆ ಸೀಳಿದ್ದು. ಹಿತ್ತಲ ಬಾಗಿಲ ಚಿಲಕ ತೆಗೆದೆ. ಯಾರೂ ಇಲ್ಲ. ನೆಲದಲ್ಲಿ ಹಾರೆ ಕಿತ್ತ ಗುಂಡಿ, ಪಕ್ಕದಲ್ಲಿ ಹಸಿ ಸಿಪ್ಪೆ, ಆಗಷ್ಟೇ ಸುಲಿದ ಒಂದು ಕಾಯಿ. ಗುಂಡಿಗೆ ಬೆರಳಿಟ್ಟೆ. ಮಣ್ಣು ಒದ್ದೆಯಾಗಿತ್ತು. ಆ ಮನೆಯ ಹಾರೆಯೋ ಹಾಸನದ ಕೋರ್ಟಿನ ವಶದಲ್ಲಿತ್ತು.

ನನಗೆ ಮೊದಲು ಬಂದದ್ದು ಭಯವಲ್ಲ, ಅನುಮಾನ. ಅತ್ತೆ ಕಡೆಯವರ ಕಿತಾಪತಿ ಎಂದುಕೊಂಡೆ. ಹೊರಗೆ ಬಂದು, "ಒಳಗೆ ಯಾರಾದರೂ ಹೋಗಿದ್ದರೇನೋ ಮಂಜ?" ಎಂದೆ.

"ಯಾರ್ ಓದಾರು ಸಾ? ಬೀಗ ನೀವೇ ತಗುದ್ರಲ್ಲ!"

ಅವನ ಅಂಗಿಯ ಮೇಲೆ ನಾರಿನ ಚೂರು ಇದೆಯೇ ಎಂದೂ ಕಣ್ಣಾಡಿಸಿದೆ. ಇರಲಿಲ್ಲ. ಮೊಬೈಲು ಜೇಬಿನಲ್ಲೇ ಇತ್ತು, ಫೋಟೋ ತೆಗೆಯಲಿಲ್ಲ. ತೆಗೆದರೆ ಯಾರಿಗಾದರೂ ತೋರಿಸಬೇಕಾಗುತ್ತದಲ್ಲ.

ಮಾರನೆಯ ದಿನ ಜೈಲಿಗೆ ಹೋಗಿ, ಹಿತ್ತಲಲ್ಲಿ ಯಾರೋ ಕಾಯಿ ಸುಲಿದ ಹಾಗಿದೆ ಎಂದಷ್ಟೇ ಹೇಳಿದೆ. ಜಯಮ್ಮ ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು.

"ಒಂದೇ ಕಾಯಿ ಅಲ್ವಾ ಸಾ?"

ಎಷ್ಟು ಕಾಯಿ ಎಂದು ನಾನು ಬಾಯಿ ಬಿಟ್ಟಿರಲಿಲ್ಲ. ಅವತ್ತು ಸುಲಿಯದೆ ಉಳಿದಿದ್ದ ಕಾಯಿಯೇ ಅದು? ಒಂದೇ ಒಂದು ಉಳಿದಿದ್ದರೂ ಸುಲಿಯುವುದು ಮುಗಿದಿರಲಿಲ್ಲ, ಹಾರೆ ನೆಲದಲ್ಲೇ ಇತ್ತು, ಅತ್ತೆ ಹೇಳಿದ್ದೇ ನಿಜ ಎಂದಾಗುತ್ತದೆ. ಅವಳು ಇನ್ನೇನೋ ಹೇಳಹೊರಟಳು. ಹೊತ್ತಾಯಿತಮ್ಮ ಎಂದು ಫೈಲು ಕಟ್ಟಿಕೊಂಡು ಎದ್ದುಬಿಟ್ಟೆ.

ಹಾರೆ ಬಾಗಿಲಲ್ಲೇ ಒರಗಿತ್ತೆಂದು ವಾದಿಸಿದೆ. ಕೋರ್ಟು ಒಪ್ಪಿತು. ಶಿಕ್ಷೆ ಮುಗಿಸಿದ ಜಯಮ್ಮ ಈಗ ಹೊಳೆನರಸೀಪುರದಲ್ಲಿ ಮಗಳ ಜೊತೆ ಇದ್ದಾಳೆ. ಆ ಕಾಯಿ ಸುಲಿದವರು ಯಾರು, ಲೆಕ್ಕ ಅವಳಿಗೆ ಹೇಗೆ ಗೊತ್ತಾಯಿತು, ನನಗೆ ಇವತ್ತಿಗೂ ತಿಳಿಯದು. ಹೋದ ತಿಂಗಳು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಎದುರಾದಳು. ಕೈಮುಗಿದು, "ಸಾ, ಅವತ್ತು ನಿಮ್ಗೊಂದ್ ಮಾತು ಯೋಳ್ಬೇಕು ಅಂತಿದ್ದೆ" ಎಂದಳು. ನನ್ನ ಬಸ್ಸು ಬಂತಮ್ಮ ಎಂದವನೇ, ಯಾವ ಊರಿನದೆಂದೂ ನೋಡದೆ ಎದುರಿಗಿದ್ದ ಬಸ್ಸು ಹತ್ತಿಬಿಟ್ಟೆ.