ಮೆಟ್ಟಿಲು ಅವರದು, ದುರ್ಬೀನು ನಮ್ಮದು

ತೆಲಂಗಾಣದ ಗಡಿಯೂರು ಮಕ್ತಲ್‌ನ ಕನ್ನಡ ಶಾಲೆಯಲ್ಲಿ ನಾನು ಹೆಡ್‌ಮಾಸ್ತರನಾಗಿದ್ದಾಗ ವಿಜ್ಞಾನಕ್ಕೆ ಒಬ್ಬ ಟೀಚರ್ ಇದ್ದರು. ಸೆರಗಿನ ಮೇಲೆ ಸದಾ ಸೀಮೆಸುಣ್ಣದ ಪುಡಿ, ಬಾಯಲ್ಲಿ ಸದಾ ಒಂದೇ ಮಾತು: "ಕೇಳಿದರ ಏನ್ ಹೋಗತೈತ್ರಿ?"

ಅದೇ ಆವರಣದ ತೆಲುಗು ಶಾಲೆಯ ಹೆಡ್‌ಮಾಸ್ತರಿಗೂ ನನಗೂ ಆಟದ ಬಯಲಿನ ಜಗಳದಿಂದ ಮೂರು ವರ್ಷ ಮಾತಿರಲಿಲ್ಲ. ಒಂದು ಸಂಜೆ ಬಾಹ್ಯಾಕಾಶ ನಿಲ್ದಾಣ ನಮ್ಮೂರ ಮೇಲೆ ಹಾಯುವುದಿತ್ತು. ದುರ್ಬೀನು ನಮ್ಮದು, ಮಾಳಿಗೆಯ ಮೆಟ್ಟಿಲೂ ಬೀಗವೂ ಅವರದು.

"ಅವರನ್ನ ಕೇಳೋದು ಬ್ಯಾಡ್ರಿ," ಎಂದೆ.

"ಸಾರ್, ಅದರಾಗ ರಷ್ಯಾದವರು, ಅಮೆರಿಕಾದವರು ಕೂಡಿ ಅದಾರ್ರಿ. ಕೆಳಗ ಎರಡೂ ದೇಶಕ್ಕ ಆಗಿಬರಂಗಿಲ್ಲ. ಮ್ಯಾಲೆ ಒಂದೇ ಗಾಳಿ ಉಸಿರಾಡತಾರ," ಎಂದವರೇ ಸೆರಗು ಝಾಡಿಸಿಕೊಂಡು ಹೋಗಿ ಕೇಳಿಯೇಬಿಟ್ಟರು.

ಬೀಗ ತೆರೆಯಿತು. ಎರಡೂ ಶಾಲೆಯ ಮಕ್ಕಳು ಮಾಳಿಗೆ ತುಂಬಿದರು. ದೊಡ್ಡ ಚುಕ್ಕೆಯೊಂದು ಸದ್ದಿಲ್ಲದೆ ನಡೆದುಬಂತು. ಟೀಚರ್ ದುರ್ಬೀನನ್ನು ಮೊದಲು ಕೊಟ್ಟದ್ದು ಆ ಹೆಡ್‌ಮಾಸ್ತರಿಗೆ. ಅವರು ಒಂದು ಗಳಿಗೆ ನೋಡಿ, ಅದನ್ನು ನನ್ನ ಕೈಗೆ ತುರುಕಿ, "ಜಲ್ದಿ ನೋಡ್ರಿ ಸಾರ್, ಹೋಗಿಬಿಡತೈತಿ!" ಎಂದರು. ಕನ್ನಡದಲ್ಲೇ.

ನಾನು ಕಣ್ಣಿಗೆ ಹಿಡಿಯುವಷ್ಟರಲ್ಲಿ ಅದು ಹೋಗಿಬಿಟ್ಟಿತ್ತು.

"ಕಂಡಿತೇನ್ರಿ ಸಾರ್?" ಎಂದರು ಟೀಚರ್.

"ಕಂಡಿತವ್ವಾ," ಎಂದೆ, ಪಕ್ಕದಲ್ಲಿ ನಿಂತಿದ್ದ ಆ ಹೆಡ್‌ಮಾಸ್ತರ ಕಡೆ ನೋಡುತ್ತ. "ನೀವು ಹೋಗಿ ಕೇಳಿದ್ದಕ್ಕ ಕಂಡಿತು."