ಪೈಪಿಗೆ ಚುಚ್ಚಿದ ಪಿನ್ನು

ನಾನು ಕುಣಿಗಲ್ ಕೆರೆ ಕೆಳಗಿನ ಗದ್ದೆ ಬಯಲಿನವಳು. ನೀರು ಅಂದರೆ ಕಾಲು ಮುಳುಗುವಷ್ಟಾದರೂ ಇರಬೇಕು ಅಂದುಕೊಂಡಿದ್ದವಳು. ಎಂಬತ್ತರ ದಶಕದಲ್ಲಿ ಊರ್ಡಿಗೆರೆ ಹತ್ತಿರದ ಮನೆಗೆ ಸೊಸೆಯಾಗಿ ಬಂದಾಗ, ಮಾವನವರು ಅರ್ಧ ಎಕರೆ ಟೊಮೆಟೊಗೆ ಹನಿ ನೀರಾವರಿ ಹಾಕಿಸಿದ್ದರು. ಕಪ್ಪು ಪೈಪಿನಿಂದ ಗಿಡದ ಬುಡಕ್ಕೆ ತೊಟ್ಟು ತೊಟ್ಟು ನೀರು. ಯೂರಿಯಾವನ್ನೂ ಡ್ರಮ್ಮಿನಲ್ಲಿ ಕರಗಿಸಿ ಅದೇ ನೀರಿನಲ್ಲಿ ಬಿಡುತ್ತಿದ್ದರು. ಎರಡು ವರ್ಷದ ಕೊಬ್ಬರಿ ದುಡ್ಡೆಲ್ಲ ಅದಕ್ಕೇ ಸುರಿದಿದ್ದರು. ಬಂದ ನೆಂಟರಿಗೆ ಎಲೆ ಹಾಕುವ ಮೊದಲೇ ಪಾಠ ಶುರು: "ನೀರು ಅರ್ಧ ಸಾಕು, ಗೊಬ್ಬರ ಅರ್ಧ ಸಾಕು, ಮೂರಾಳಿನ ಕೆಲ್ಸ ಒಬ್ಳು ಮಾಡ್ತಾಳೆ."

ಆ ಒಬ್ಬಳು, ಕಾಲುವೆಯಲ್ಲಿ ನೀರು ಕಟ್ಟುತ್ತಿದ್ದ ಕಾಲದಿಂದಲೂ ಇದ್ದ ಕೂಲಿ ಹೆಂಗಸು. ಉಳಿದಿಬ್ಬರನ್ನು ಪೈಪು ಬಂದ ವಾರವೇ ಬಿಡಿಸಿದ್ದರು. ಅತ್ತೆಯ ಮುಂಗೋಪಕ್ಕೆ ಸಿಗದೆ ದಿನ ಕಳೆಯುವುದನ್ನು ನನಗೆ ಹೇಳಿಕೊಟ್ಟವಳು ಅವಳೇ.

ಸಾಲುಗಳ ನಡುವಿನ ಒಣ ನೆಲ ನೋಡಿ ನಾನು ಗಿಡಗಳು ಬಾಯಾರಿ ಸಾಯುತ್ತವೆ ಅಂದರೆ ಮಾವ ನಗುತ್ತಿದ್ದರು. ಆ ನಗುವಿಗೇ ರೇಗಿ ಒಂದು ಮಧ್ಯಾಹ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಮನೆ ಪಕ್ಕದ ನಾಲ್ಕು ಸಾಲಿನ ಪೈಪಿಗೆ ಅಲ್ಲಲ್ಲಿ ಚುಚ್ಚಿದೆ. ನೀರು ಚಿಮ್ಮಿತು. ದಿನಾ ಇನ್ನೆರಡು ತೂತು ಮಾಡಿದೆ. ಭಾರಿ ಬುದ್ಧಿವಂತೆ ನಾನು!

ತಿಂಗಳೊಳಗೆ ಆ ನಾಲ್ಕು ಸಾಲು ಬರೀ ಸೊಪ್ಪಾಗಿ ಬೆಳೆದು ಕಾಯಿ ಕಚ್ಚಲಿಲ್ಲ. ಆಚೆ ತುದಿಯ ಸಾಲುಗಳಿಗೆ ನೀರೂ ಮುಟ್ಟಲಿಲ್ಲ, ಗೊಬ್ಬರವೂ ಮುಟ್ಟಲಿಲ್ಲ. ಗಿಡಗಳು ಹಳದಿಯಾಗಿ ಮುದುರಿದವು. ಮಾವ ಪೈಪು ಸವರಿ ನೋಡಿ ತೂತುಗಳನ್ನು ಹಿಡಿದರು. ಅಂಗಳದಲ್ಲಿದ್ದ ಆ ಕೂಲಿ ಹೆಂಗಸನ್ನು ನಿಲ್ಲಿಸಿ ಕೇಳಿದರು.

"ಪೈಪು ಕೆಟ್ರೆ ನಿನ್ನ ಜೊತೆಯವರನ್ನ ವಾಪಸ್ ಕರೀತೀನಿ ಅಂತ ಚುಚ್ಚಿದ್ದೀಯ, ಅಲ್ವೇನೇ?"

"ದೇವ್ರಾಣೆಗೂ ನಾನಲ್ಲ ಯಜಮಾನ್ರೇ."

"ಇನ್ಯಾರಿಗೆ ಲಾಭ ಇದ್ರಲ್ಲಿ?"

ಅವಳು ನನ್ನ ಕಡೆ ತಿರುಗಿ, "ನೀವಾದ್ರೂ ಹೇಳಿ ಅಮ್ಮಾರೆ" ಅಂದಳು. ನಾನು ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತದೆ ಆರಿಸುತ್ತಲೇ ಇದ್ದೆ. ಅವತ್ತೇ ಅವಳನ್ನು ಕೆಲಸದಿಂದ ಬಿಡಿಸಿದರು. ಮುಂದೆ ನೆಂಟರಿಗೆ ಹೇಳುವ ಪಾಠದಲ್ಲಿ ಮಾವ ಇನ್ನೊಂದು ಆಳಿನ ಕೂಲಿಯನ್ನೂ ಉಳಿತಾಯಕ್ಕೆ ಸೇರಿಸಿಕೊಂಡರು. ಆ ನೆಂಟರಿಗೆ ಕಾಫಿ ಕೊಡುತ್ತಿದ್ದವಳು ನಾನೇ.

ಮುಂದಿನ ಬೇಸಿಗೆಯಲ್ಲಿ ತವರಿಗೆ ಹೊರಟು ಕ್ಯಾತ್ಸಂದ್ರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆ ಬದಿಯ ಹೋಟೆಲಿನ ಹಿಂದೆ ತಟ್ಟೆ ತೊಳೆಯುತ್ತಿದ್ದ ಅವಳು ನನ್ನನ್ನು ಕಂಡು ಓಡಿ ಬಂದಳು. ಕೈಬೆರಳುಗಳು ಸೋಡಾಪುಡಿಗೆ ಸುಲಿದು ಹೋಗಿದ್ದವು.

"ಚುಚ್ಚಿದೋರು ಯಾರು ಅಂತ ಗೊತ್ತಾಯ್ತಾ ಅಮ್ಮಾರೆ? ಆಗಿದ್ರೆ ಯಜಮಾನ್ರಿಗೆ ಒಂದ್ ಮಾತು ಹೇಳಿ, ನಾಳೇನೇ ಬಂದ್ಬುಡ್ತೀನಿ."

ನಿಜ ಹೇಳಿದ್ದರೆ ಮಾವ ಬೈಯುತ್ತಿದ್ದರು, ಅತ್ತೆ ನಾಲ್ಕು ದಿನ ಮುಖ ತಿರುಗಿಸುತ್ತಿದ್ದರು, ಅಷ್ಟೇ. ಅಷ್ಟಕ್ಕೆ ಹೆದರಿದೆ. ಇವತ್ತಿಗೂ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

"ಇಲ್ಲ" ಅಂದೆ.

"ಹೋಗ್ಲಿ ಬುಡಿ" ಅಂದಳು. ಅಷ್ಟರಲ್ಲಿ ತುಮಕೂರಿನ ಬಸ್ಸು ತುಂಬಿಕೊಂಡು ಬಂತು. ಅವಳು ಜನರ ನಡುವೆ ನುಗ್ಗಿ, ಸೊಂಟಕ್ಕೆ ಸಿಕ್ಕಿಸಿದ್ದ ಒದ್ದೆ ಬಟ್ಟೆಯನ್ನು ಕಿಟಕಿಯಿಂದ ಒಳಗೆಸೆದು ನನಗೊಂದು ಸೀಟು ಹಿಡಿದಳು. ನಾನು ಹತ್ತಿ, ಬಟ್ಟೆಯನ್ನು ಕಿಟಕಿಯಿಂದ ಅವಳಿಗೆ ವಾಪಸು ಕೊಟ್ಟು, ಅಲ್ಲೇ ಕುಳಿತುಕೊಂಡೆ.